ಮೂತ್ರ ಸೋರುತ್ತದೆಂದು ಮನೆಯಲ್ಲೇ ಉಳಿಯಬೇಡಿ

ಅರವತ್ತೆರಡು ವರ್ಷದ ಗೃಹಿಣಿಯೊಬ್ಬರನ್ನು ಮಗಳು ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ತಮ್ಮನ ಮಗನ ಮದುವೆಗೆಂದು ಬೆಂಗಳೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗಿದ್ದ ಆಕೆ ಧಾರೆಯ ಹೊತ್ತಿಗೆ ತಲೆ ಸುತ್ತಿ ಕುಸಿದಿದ್ದರಂತೆ. ಪರೀಕ್ಷಿಸಿದಾಗ ರಕ್ತದೊತ್ತಡ ಕಡಿಮೆಯಾಗಿತ್ತು, ನಾಲಗೆ ಒಣಗಿತ್ತು. ಮೂತ್ರ ಕಡು ಹಳದಿ, ಜೊತೆಗೆ ಉರಿ ಬೇರೆ. ಬಿಸಿಲಿಗೆ ಹೀಗಾಗಿದೆ ಎಂದೇ ಮಗಳು ತಿಳಿದಿದ್ದರು.

ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ ವಿಚಾರಿಸಿದಾಗ ನಿಜ ಸಂಗತಿ ಹೊರಬಿತ್ತು. "ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆಯಾಗುತ್ತದೆ ಡಾಕ್ಟ್ರೇ. ಬಸ್ಸಿನಲ್ಲಿ ಹಾಗಾದರೆ ಮಾನ ಹೋಗುತ್ತದಲ್ಲ ಎಂದು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದೆ. ಆರು ವರ್ಷದಿಂದ ಹೀಗೇ ನಡೆದಿದೆ. ಮಗಳಿಗೂ ಹೇಳಿಲ್ಲ."

ಆರು ವರ್ಷ! ಈ ಅವಧಿಯಲ್ಲಿ ಆಕೆ ಎಷ್ಟು ಮದುವೆ, ಎಷ್ಟು ಜಾತ್ರೆ, ಎಷ್ಟು ನಾಮಕರಣ ತಪ್ಪಿಸಿಕೊಂಡಿದ್ದಾರೋ? "ಮಂಡಿ ನೋವು", "ಮನೆ ನೋಡಿಕೊಳ್ಳುವವರಿಲ್ಲ" ಎಂಬ ನೆಪಗಳ ಹಿಂದೆ ಇದ್ದದ್ದು ಇದೊಂದೇ ಭಯ. ನಿಮ್ಮ ಮನೆಯಲ್ಲೂ ಹೀಗೆ ನೆಪ ಹೇಳಿ ಹಿಂದುಳಿಯುವ ಹಿರಿಯರು ಇರಬಹುದು. ಅಥವಾ ಈ ಲೇಖನ ಓದುತ್ತಿರುವ ನೀವೇ ಅವರಾಗಿರಬಹುದು. ಹಾಗಿದ್ದರೆ ಮೊದಲು ತಿಳಿಯಬೇಕಾದ ಮಾತು ಇದು: ಮೂತ್ರ ಸೋರುವುದು ಪಾಪದ ಫಲವಲ್ಲ, ನಾಚಿಕೆಗೇಡೂ ಅಲ್ಲ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿರಬೇಕಾದ ವಿಷಯವೂ ಅಲ್ಲ. ಬಹಳಷ್ಟು ಜನರಲ್ಲಿ ಇದನ್ನು ಕಡಿಮೆ ಮಾಡಬಹುದು, ಕೆಲವರಲ್ಲಿ ಪೂರ್ತಿ ಗುಣಪಡಿಸಬಹುದು. ಗುಣವಾಗುವವರೆಗೂ ಸ್ವಲ್ಪ ಮುಂದಾಲೋಚನೆ ಮಾಡಿದರೆ ನೆಮ್ಮದಿಯಿಂದ ಊರಿಗೆ ಹೋಗಿ ಬರಬಹುದು.

ಸೋರುವುದು ಏಕೆ?

ಮೂತ್ರಪಿಂಡಗಳಿಂದ ಇಳಿದ ಮೂತ್ರ ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ವಯಸ್ಕರ ಮೂತ್ರಕೋಶ ಸುಮಾರು 400ರಿಂದ 500 ಮಿಲಿ ಲೀಟರ್ ಹಿಡಿಯಬಲ್ಲದು. ಅರ್ಧದಷ್ಟು ತುಂಬುವ ಹೊತ್ತಿಗೆ ಮೊದಲ ಸೂಚನೆ ಬರುತ್ತದೆ. ಮೂತ್ರಕೋಶದ ಬಾಯನ್ನು ಬಿಗಿಯಾಗಿ ಹಿಡಿಯುವ ಸ್ನಾಯು ಮತ್ತು ಕೆಳಗಿನಿಂದ ತೊಟ್ಟಿಲಿನಂತೆ ಆಧಾರ ಕೊಡುವ ತಳದ ಸ್ನಾಯುಗಳು ನಾವು ಬಯಸುವವರೆಗೆ ಮೂತ್ರವನ್ನು ತಡೆದಿಡುತ್ತವೆ. ಈ ವ್ಯವಸ್ಥೆಯಲ್ಲಿ ಎಲ್ಲಿ ದೋಷ ಬಂದರೂ ಸೋರಿಕೆ ಆಗುತ್ತದೆ. ಅದರಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ.

ಮೊದಲನೆಯದು ಒತ್ತಡದ ಸೋರಿಕೆ. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಕೊಡ ಎತ್ತಿದಾಗ, ಬಸ್ಸು ಹಂಪ್ ಹಾರಿದಾಗ ಸ್ವಲ್ಪ ಮೂತ್ರ ಚಿಮ್ಮುತ್ತದೆ. ಹೆರಿಗೆಗಳಲ್ಲಿ ತಳದ ಸ್ನಾಯುಗಳು ಸಡಿಲಗೊಂಡ ಹೆಂಗಸರಲ್ಲಿ ಇದು ಹೆಚ್ಚು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಕಡಿಮೆಯಾಗುವುದರಿಂದ ತೊಂದರೆ ಮತ್ತಷ್ಟು ಹೆಚ್ಚಬಹುದು.

ಎರಡನೆಯದು ಅವಸರದ ಸೋರಿಕೆ. ಇದ್ದಕ್ಕಿದ್ದಂತೆ ತಡೆಯಲಾಗದ ಒತ್ತಡ ಬರುತ್ತದೆ, ಬಚ್ಚಲು ಮುಟ್ಟುವಷ್ಟರಲ್ಲಿ ಬಟ್ಟೆ ಒದ್ದೆ. ಮೂತ್ರಕೋಶ ತುಂಬುವ ಮೊದಲೇ ಕುಗ್ಗಲಾರಂಭಿಸುವುದು ಇದಕ್ಕೆ ಕಾರಣ. ಲಕ್ವ ಹೊಡೆದವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ, ಮೂತ್ರದ ಸೋಂಕು ತಗುಲಿದವರಲ್ಲಿ ಇದು ಕಾಣಬಹುದು. ಹಲವರಲ್ಲಿ ಬೇರೆ ಕಾಯಿಲೆ ಏನೂ ಇಲ್ಲದೆಯೂ ಬರುತ್ತದೆ.

ಮೂರನೆಯದು ತುಂಬಿ ತುಳುಕುವ ಸೋರಿಕೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ಗಂಡಸರಲ್ಲಿ, ಬಹಳ ಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾದವರಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ತುಂಬಿದ ಹಂಡೆಯಂತೆ ಮೇಲಿಂದ ಹನಿ ಹನಿಯಾಗಿ ಸೋರುತ್ತಿರುತ್ತದೆ.

ನಾಲ್ಕನೆಯದರಲ್ಲಿ ಮೂತ್ರಕೋಶದ ತಪ್ಪೇನೂ ಇರುವುದಿಲ್ಲ. ಮಂಡಿ ನೋವಿನಿಂದ ಬೇಗ ಏಳಲಾಗದವರು, ಕಣ್ಣು ಸರಿಯಾಗಿ ಕಾಣದವರು, ಪೈಜಾಮದ ಲಾಡಿ ಬಿಚ್ಚಲು ಕೈ ನಡುಗುವವರು, ಮರೆವಿನ ಕಾಯಿಲೆಯವರು ಸಮಯಕ್ಕೆ ಸರಿಯಾಗಿ ಶೌಚಾಲಯ ತಲುಪಲಾರರು. ಪರಸ್ಥಳದಲ್ಲಿ ಇವರಿಗೆ ತೊಂದರೆ ಇಮ್ಮಡಿ.

ಒಬ್ಬರಲ್ಲೇ ಎರಡು ಬಗೆಗಳು ಸೇರಿರುವುದೂ ಉಂಟು. ನಿಮ್ಮದು ಯಾವ ಬಗೆ ಎಂದು ತಿಳಿಯುವುದು ಮುಖ್ಯ, ಏಕೆಂದರೆ ಪರಿಹಾರ ಅದನ್ನೇ ಅವಲಂಬಿಸಿದೆ.

ನೀರು ಬಿಡುವುದು ಮದ್ದಲ್ಲ

ಪ್ರಯಾಣವೆಂದರೆ ನೀರು ಬಿಡುವುದು ನಮ್ಮ ಹೆಂಗಸರಲ್ಲಿ ಬಹು ಹಿಂದಿನಿಂದ ಬಂದ ಅಭ್ಯಾಸ. ಸೋರಿಕೆ ಇಲ್ಲದವರೂ ಶೌಚಾಲಯದ ಕೊರತೆಗೆ ಹೆದರಿ ಹೀಗೆ ಮಾಡುತ್ತಾರೆ. ಆದರೆ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತದೆ. ಆಗ ಅವಸರ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ವಾಸನೆಯೂ ಜಾಸ್ತಿ. ಸೋಂಕಿಗೆ ದಾರಿಯಾಗುತ್ತದೆ. ಮಲ ಗಟ್ಟಿಯಾಗಿ, ಗುದನಾಳ ತುಂಬಿಕೊಂಡು ಮೂತ್ರಕೋಶವನ್ನು ಒತ್ತುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ತಲೆ ಸುತ್ತು ಬಂದು ಬೀಳುವ ಅಪಾಯವೂ ಉಂಟು. ಹಾಸನದ ಮದುವೆಯಲ್ಲಿ ಆದದ್ದು ಅದೇ.

ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರಿನಷ್ಟು ದ್ರವ ದೇಹಕ್ಕೆ ಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಮ್ಮೆಗೇ ಚೊಂಬು ಎತ್ತಿ ಗಟಗಟ ಕುಡಿಯುವ ಬದಲು ಸ್ವಲ್ಪ ಸ್ವಲ್ಪವಾಗಿ ಗುಟುಕರಿಸಿ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ ಎಂದರ್ಥ. ಕಡಿಮೆ ಮಾಡಬೇಕಾದದ್ದು ಕಾಫಿ, ಚಹಾ ಮತ್ತು ಗ್ಯಾಸ್ ತುಂಬಿದ ತಂಪು ಪಾನೀಯಗಳನ್ನು. ಇವು ಮೂತ್ರಕೋಶವನ್ನು ಕೆರಳಿಸಬಹುದು. ಹೊರಡುವ ದಿನ ಬೆಳಿಗ್ಗೆ ಎರಡನೆಯ ಲೋಟ ಕಾಫಿ ಬಿಟ್ಟು ಅದರ ಬದಲು ನೀರು ಮಜ್ಜಿಗೆ ಕುಡಿದರೆ ಅರ್ಧ ಗೆದ್ದಂತೆ. ಮದ್ಯಪಾನದ ಅಭ್ಯಾಸವಿರುವ ಗಂಡಸರಿಗೂ ಈ ಮಾತು ಅನ್ವಯಿಸುತ್ತದೆ.

ಹೊರಡುವ ಮೊದಲು ಸಿದ್ಧತೆ

ಊರಿಗೆ ಹೋಗುವುದು ಮೊದಲೇ ನಿಶ್ಚಯವಾಗಿದ್ದರೆ ಎರಡು ಮೂರು ವಾರ ಮುಂಚಿನಿಂದಲೇ ತಯಾರಿ ನಡೆಸಿ.

ಮೂರು ದಿನ ಒಂದು ಹಾಳೆಯಲ್ಲಿ ಲೆಕ್ಕ ಬರೆದಿಡಿ. ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ ಎಂಬುದಿಷ್ಟೇ. ಹಗಲಿನಲ್ಲಿ ಆರೆಂಟು ಸಲ ಹೋಗುವುದು ಸಹಜ. ನಿಮಗೆ ಎರಡು ಗಂಟೆ ತಡೆಯಲು ಸಾಧ್ಯವೇ, ಒಂದೇ ಗಂಟೆಯೇ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಪ್ರಯಾಣದಲ್ಲಿ ಎಲ್ಲೆಲ್ಲಿ ಇಳಿಯಬೇಕು ಎಂಬುದನ್ನು ಇದರ ಮೇಲೆ ನಿರ್ಧರಿಸಬಹುದು. ವೈದ್ಯರಿಗೂ ಈ ಹಾಳೆ ತುಂಬ ಉಪಯುಕ್ತ.

ಒಂದು ಗಂಟೆಯೂ ತಡೆಯಲಾರದವರು ಮೂತ್ರಕೋಶಕ್ಕೆ ತರಬೇತಿ ಕೊಡಬಹುದು. ಗಂಟೆಗೊಮ್ಮೆ ಹೋಗುತ್ತಿದ್ದರೆ ಅದನ್ನು ಒಂದೂ ಕಾಲು ಗಂಟೆಗೆ ಎಳೆಯಿರಿ. ಒಂದು ವಾರ ಅದು ರೂಢಿಯಾದ ಮೇಲೆ ಇನ್ನೂ ಕಾಲು ಗಂಟೆ ಸೇರಿಸಿ. ಸಾವಕಾಶವಾಗಿ ಎರಡು, ಎರಡೂವರೆ ಗಂಟೆಯವರೆಗೆ ತರಬಹುದು.

ತಳದ ಸ್ನಾಯುಗಳ ವ್ಯಾಯಾಮವನ್ನು ಇಂದೇ ಪ್ರಾರಂಭಿಸಿ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವಿವರಿಸಿದ್ದರಿಂದ ಕೆಗೆಲ್ ವ್ಯಾಯಾಮ ಎಂಬ ಹೆಸರು ಬಂದಿದೆ. ನಾಲ್ಕು ಜನರ ನಡುವೆ ಹೊಟ್ಟೆಯ ವಾಯು ಹೊರಹೋಗದಂತೆ ತಡೆಯುವಾಗ ಯಾವ ಸ್ನಾಯುವನ್ನು ಬಿಗಿಯುತ್ತೀರೋ ಅದೇ ಸ್ನಾಯು. ಅದನ್ನು ಒಳಕ್ಕೆ, ಮೇಲಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಿ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಒಂದು ಸಲಕ್ಕೆ ಎಂಟರಿಂದ ಹತ್ತು ಬಾರಿ, ದಿನಕ್ಕೆ ಮೂರು ಸಲ ಮಾಡಿ. ಕ್ರಮೇಣ ಹತ್ತು ಎಣಿಸುವವರೆಗೆ ಹಿಡಿಯಲು ಸಾಧ್ಯವಾಗುತ್ತದೆ. ಕೂತು, ನಿಂತು, ಮಲಗಿ ಹೇಗಾದರೂ ಮಾಡಬಹುದು; ತರಕಾರಿ ಹೆಚ್ಚುವಾಗಲೂ ಸರಿ. ಪೂರ್ಣ ಫಲಕ್ಕೆ ಮೂರು ತಿಂಗಳು ಬೇಕು, ವಾರದಲ್ಲಿ ಬಿಟ್ಟುಬಿಡಬೇಡಿ. ಮೂತ್ರ ಮಾಡುವಾಗ ಮಧ್ಯದಲ್ಲಿ ತಡೆದು ಅಭ್ಯಾಸ ಮಾಡುವುದು ಮಾತ್ರ ಬೇಡ. ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಸೊಪ್ಪು, ತರಕಾರಿ, ಹಣ್ಣು, ನೀರು ಇವು ಸಾಕಾಗದಿದ್ದರೆ ವೈದ್ಯರ ಸಲಹೆ ಪಡೆಯಿರಿ.

ನೀವು ನುಂಗುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಕಾಲು ಊತಕ್ಕೆ, ಹೃದಯಕ್ಕೆ ಕೊಡುವ ಫ್ಯೂರೋಸಮೈಡ್ ಎಂಬ ನೀರಿನ ಮಾತ್ರೆ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಸುಮಾರು ಆರು ಗಂಟೆ ಮೂತ್ರ ಇಳಿಸುತ್ತದೆ. ಬೆಳಿಗ್ಗೆ ಅದನ್ನು ನುಂಗಿ ಬಸ್ಸು ಹತ್ತಿದರೆ ಗತಿ ಏನು? ಪ್ರಯಾಣದ ದಿನ ಊರು ಮುಟ್ಟಿದ ಮೇಲೆ ನುಂಗಬಹುದೇ ಎಂದು ಕೇಳಿ ತಿಳಿದುಕೊಳ್ಳಿ. ನೀವಾಗಿಯೇ ಬಿಡುವುದು ಅಪಾಯಕರ. ಎನಲಾಪ್ರಿಲ್, ರಾಮಿಪ್ರಿಲ್‌ನಂಥ ರಕ್ತದೊತ್ತಡದ ಮಾತ್ರೆಗಳು ಕೆಲವರಲ್ಲಿ ಒಣ ಕೆಮ್ಮು ತಂದು ಸೋರಿಕೆಯನ್ನು ಹೆಚ್ಚಿಸುತ್ತವೆ. ಮಧುಮೇಹಕ್ಕೆ ಈಚಿನ ವರ್ಷಗಳಲ್ಲಿ ಕೊಡುತ್ತಿರುವ ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಮೂತ್ರ ಹೆಚ್ಚಾಗುತ್ತದೆ. ಇವಕ್ಕೆಲ್ಲ ಬದಲಿ ಇದೆಯೇ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು ನೆಗಡಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ಅವುಗಳಲ್ಲಿ ಕೆಲವು ಮೂತ್ರವನ್ನು ಪೂರ್ತಿ ಕಟ್ಟಿಸಿಬಿಡಬಲ್ಲವು.

ಪ್ಯಾಡೇ? ಡೈಪರೇ?

ಸೋರಿಕೆ ಇರುವ ಅನೇಕ ಹೆಂಗಸರು ಮುಟ್ಟಿನ ಪ್ಯಾಡನ್ನೇ ಬಳಸುತ್ತಾರೆ. ಅದು ನಿಧಾನವಾಗಿ ಬರುವ ಸ್ರಾವವನ್ನು ಹೀರಲು ಮಾಡಿದ್ದು. ಒಮ್ಮೆಗೇ ನುಗ್ಗುವ ಮೂತ್ರವನ್ನು ಅದು ಹಿಡಿಯಲಾರದು. ಹನಿ ಹನಿ ಸೋರುವವರಿಗೆ ಮೂತ್ರಕ್ಕೆಂದೇ ತಯಾರಾದ ಪ್ಯಾಡುಗಳು ಸಾಕು. ಹೆಚ್ಚು ಸೋರುವವರಿಗೆ ವಯಸ್ಕರ ಡೈಪರ್ ಒಳ್ಳೆಯದು. ಇದರಲ್ಲಿ ಎರಡು ಬಗೆ. ಪಕ್ಕದಲ್ಲಿ ಅಂಟಿಸುವ ಬಗೆಯದು ಹಾಸಿಗೆ ಹಿಡಿದವರಿಗೆ ಅನುಕೂಲ. ಓಡಾಡುವವರಿಗೆ ಚಡ್ಡಿಯಂತೆ ಏರಿಸಿಕೊಳ್ಳುವ ಬಗೆ ಸೂಕ್ತ. ಸೊಂಟದ ಸುತ್ತಳತೆ ಅಳೆದು ಪೊಟ್ಟಣದ ಮೇಲಿನ ಅಳತೆಗೆ ಹೋಲಿಸಿ ಕೊಳ್ಳಿ. ಸಡಿಲವಾದರೆ ತೊಡೆಯ ಸಂದಿನಿಂದ ಸೋರುತ್ತದೆ, ಬಿಗಿಯಾದರೆ ಚರ್ಮ ಉಜ್ಜುತ್ತದೆ. ಮೊದಲ ಸಲವೇ ಪ್ರಯಾಣದಲ್ಲಿ ಹಾಕಿಕೊಳ್ಳಬೇಡಿ. ಮನೆಯಲ್ಲಿ ಒಂದು ಇಡೀ ದಿನ ಹಾಕಿಕೊಂಡು, ಕೂತು, ಎದ್ದು, ಮೆಟ್ಟಿಲು ಹತ್ತಿ ನೋಡಿ.

ಖರ್ಚು ಭರಿಸಲಾರದವರು ಹಳೆಯ ಹತ್ತಿ ಪಂಚೆ ಅಥವಾ ಸೀರೆಯನ್ನು ಮಡಿಕೆ ಮಡಿಕೆಯಾಗಿ ಹೊಲಿದು ಬಳಸಬಹುದು. ಆದರೆ ಅದನ್ನು ಬೇಗ ಬೇಗ ಬದಲಾಯಿಸಬೇಕು, ಸೋಪು ಹಾಕಿ ಒಗೆದು ಬಿಸಿಲಿನಲ್ಲೇ ಒಣಗಿಸಬೇಕು. ಯಾರೂ ನೋಡಬಾರದೆಂದು ಮಂಚದ ಕೆಳಗೆ ಒಣಹಾಕಿದ ಬಟ್ಟೆಯಿಂದ ಚರ್ಮಕ್ಕೆ ಸೋಂಕು ತಗುಲುತ್ತದೆ.

ಡೈಪರ್ ಯಾವುದೇ ಇರಲಿ, ಅದು ಇನ್ನೂ ಹಿಡಿಯುತ್ತದೆ ಎಂದು ದಿನವಿಡೀ ಬಿಡಬೇಡಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಿ. ಮಲ ತಗುಲಿದರೆ ತಕ್ಷಣ. ಪ್ರತಿ ಸಲವೂ ಮುಂದಿನಿಂದ ಹಿಂದಕ್ಕೆ ಒರೆಸಿ, ತೊಳೆದು, ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಸವರಿ. ದಪ್ಪಗೆ ಮೆತ್ತಿದರೆ ಡೈಪರಿನ ಹೀರುವ ಶಕ್ತಿ ಕುಂದುತ್ತದೆ. ಪೌಡರ್ ಸುರಿಯಬೇಡಿ, ಅದು ತೇವಕ್ಕೆ ಗಂಟು ಕಟ್ಟಿ ತೊಡೆ ಸಂದನ್ನು ಕೆರೆಯುತ್ತದೆ.

ಗಂಡಸರಿಗೆ ಇನ್ನೊಂದು ಅನುಕೂಲವಿದೆ. ಕಾಂಡಂ ಕ್ಯಾತಿಟರ್ ಎಂಬ ಮೆದು ಚೀಲವನ್ನು ಅಂಗಕ್ಕೆ ತೊಡಿಸಿ, ಅದರ ಕೊಳವೆಯನ್ನು ತೊಡೆಗೆ ಕಟ್ಟಿದ ಸಂಗ್ರಹ ಚೀಲಕ್ಕೆ ಜೋಡಿಸುತ್ತಾರೆ. ದೂರದ ಬಸ್ ಪ್ರಯಾಣಕ್ಕೆ ಇದು ಸಹಾಯಕ. ಸರಿಯಾದ ಅಳತೆ ಮತ್ತು ಹಾಕುವ ಕ್ರಮವನ್ನು ಆಸ್ಪತ್ರೆಯ ದಾದಿಯರಿಂದ ಕಲಿಯಿರಿ. ದಿನಕ್ಕೊಮ್ಮೆ ಬದಲಾಯಿಸಿ ಚರ್ಮ ಪರೀಕ್ಷಿಸಿ. ಮೂತ್ರ ಕಟ್ಟಿಕೊಂಡು ತುಳುಕುವವರಿಗೆ ಇದು ಪರಿಹಾರವಲ್ಲ, ಅವರು ಮೊದಲು ವೈದ್ಯರನ್ನು ಕಾಣಬೇಕು.

ಹೊರಟ ದಿನ

ಉಡುಪು ಸರಳವಾಗಿರಲಿ. ಲಾಡಿ, ಗುಂಡಿ, ಬೆಲ್ಟುಗಳಿಗಿಂತ ಎಲಾಸ್ಟಿಕ್ ಒಳ್ಳೆಯದು. ಕಡು ಬಣ್ಣದ ಅಥವಾ ಹೂವಿನ ಚಿತ್ತಾರದ ಸೀರೆಯಲ್ಲಿ ತೇವ ಎದ್ದು ಕಾಣುವುದಿಲ್ಲ. ರೇಷ್ಮೆ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಛತ್ರದಲ್ಲಿ ಉಟ್ಟುಕೊಳ್ಳಿ.

ಬಸ್ಸು: 2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಗೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಉಚಿತ ಪ್ರಯಾಣ ದೊರೆಯಿತು. ಆದರೆ ಆ ಬಸ್ಸಿನಲ್ಲಿ ಶೌಚಾಲಯವಿಲ್ಲ. ಆದ್ದರಿಂದ ಒಂದೇ ಬಸ್ಸಿನಲ್ಲಿ ಕೊನೆಯವರೆಗೆ ಹೋಗುವ ಹಟ ಬೇಡ. ಉದಾಹರಣೆಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿಲೋಮೀಟರ್, ಏಳೆಂಟು ಗಂಟೆಯ ದಾರಿ. ಹಾಸನದಲ್ಲಿ ಇಳಿದು, ನಿಲ್ದಾಣದ ಶೌಚಾಲಯಕ್ಕೆ ಹೋಗಿ, ಡೈಪರ್ ಬದಲಾಯಿಸಿ, ಊಟ ಮುಗಿಸಿ ಮುಂದಿನ ಬಸ್ಸು ಹಿಡಿಯಬಹುದು. ಶಿರಾಡಿಯೋ ಚಾರ್ಮಾಡಿಯೋ, ಘಾಟಿ ಇಳಿಯುವಾಗ ಬೇಕೆಂದಲ್ಲಿ ಬಸ್ಸು ನಿಲ್ಲಿಸಲಾಗದು. ಆದ್ದರಿಂದ ಘಾಟಿಗೆ ಮುಂಚಿನ ನಿಲ್ದಾಣದಲ್ಲಿ ಒತ್ತಡವಿಲ್ಲದಿದ್ದರೂ ಒಮ್ಮೆ ಹೋಗಿ ಬನ್ನಿ. ಹಿಂದಿನ ಸೀಟಿನಲ್ಲಿ ಕುಲುಕಾಟ ಹೆಚ್ಚು, ಅದು ಒತ್ತಡದ ಸೋರಿಕೆಗೆ ಕೆಟ್ಟದ್ದು. ಮಧ್ಯದಲ್ಲಿ ಅಥವಾ ಮುಂದೆ, ಬಾಗಿಲಿಗೆ ಹತ್ತಿರ ಕೂರಿ. ಹತ್ತುವಾಗಲೇ ಕಂಡಕ್ಟರಿಗೆ "ನನಗೆ ಸಕ್ಕರೆ ಕಾಯಿಲೆ, ನಡುವೆ ಒಮ್ಮೆ ಇಳಿಯಬೇಕಾಗಬಹುದು ಅಣ್ಣ" ಎಂಬಂತೆ ನಿಮಗೆ ಸರಿಕಂಡ ಒಂದು ಮಾತು ಹೇಳಿಟ್ಟರೆ ಅವಸರದಲ್ಲಿ ವಾದ ಮಾಡುವುದು ತಪ್ಪುತ್ತದೆ.

ರೈಲು: ಸೋರಿಕೆ ಇರುವವರಿಗೆ ದೂರದ ಪ್ರಯಾಣಕ್ಕೆ ರೈಲೇ ಲೇಸು. ಬೋಗಿಯ ತುದಿಗಳಲ್ಲಿ ಶೌಚಾಲಯಗಳಿರುತ್ತವೆ. ಬುಕಿಂಗ್ ಮಾಡುವಾಗ ತುದಿಗೆ ಹತ್ತಿರದ ಕೆಳಗಿನ ಬರ್ತ್ ಕೇಳಿ. ಲಭ್ಯವಿದ್ದರೆ ಹಿರಿಯ ನಾಗರಿಕರಿಗೆ, 45 ದಾಟಿದ ಹೆಂಗಸರಿಗೆ ಕೆಳ ಬರ್ತ್ ಕೊಡುವ ಏರ್ಪಾಡನ್ನು ರೈಲ್ವೆ ಮಾಡಿದೆ. ಮಂಡಿ ಬಗ್ಗದವರು ಹತ್ತಿದ ಕೂಡಲೇ ಯಾವ ತುದಿಯಲ್ಲಿ ಕಮೋಡ್ ಇದೆ ಎಂದು ನೋಡಿಕೊಳ್ಳಲಿ.

ಕಾರು: ಒಂದೂವರೆ, ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಬಳಿ ನಿಲ್ಲಿಸಿ. ಸೀಟಿನ ಮೇಲೆ ರಬ್ಬರ್ ಶೀಟು, ಅದರ ಮೇಲೆ ಮಡಿಸಿದ ಟವೆಲು ಹಾಸಿದರೆ ಮನಸ್ಸಿಗೂ ನೆಮ್ಮದಿ. ಗಂಡಸರಿಗೆ ಮುಚ್ಚಳವಿರುವ ಯೂರಿನ್ ಪಾಟ್ ಜೊತೆಗಿರಲಿ.

ವಿಮಾನ: ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳ ಮನೆಗೆ ಹೋಗುವವರು ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ವಿಮಾನ ಹತ್ತುವ ಮುನ್ನ ಶೌಚಾಲಯಕ್ಕೆ ಹೋಗಿ. ಏರುವಾಗ, ಇಳಿಯುವಾಗ ಬೆಲ್ಟು ಬಿಚ್ಚಿ ಏಳಲು ಬಿಡುವುದಿಲ್ಲ. ಡೈಪರ್ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ನಿಮ್ಮ ಕೈಗೆ ಸಿಗುವುದು ಇಳಿದ ಮೇಲೆಯೇ. ವಿದೇಶದ ವಿಮಾನಗಳಲ್ಲಿ ಕೈಚೀಲದಲ್ಲಿಡುವ ಮುಲಾಮು, ದ್ರವಗಳ ಡಬ್ಬಿ 100 ಮಿಲಿ ಲೀಟರ್ ಮೀರಬಾರದು ಎಂಬ ನಿಯಮ ಸಾಮಾನ್ಯ.

ಅವಸರ ಬಂದಾಗ ಓಡಬೇಡಿ

ತಟ್ಟನೆ ಒತ್ತಡ ಬಂದಾಗ ಎದ್ದು ಓಡುವುದು ಸಹಜ. ಆದರೆ ಓಡಿದರೆ ಸೋರುವ ಸಂಭವವೇ ಹೆಚ್ಚು, ಹಿರಿಯರು ಜಾರಿ ಬೀಳುವುದೂ ಹೀಗೆಯೇ. ಅದರ ಬದಲು ಇದ್ದಲ್ಲೇ ನಿಲ್ಲಿ ಅಥವಾ ಕುಳಿತುಕೊಳ್ಳಿ. ತಳದ ಸ್ನಾಯುವನ್ನು ಐದಾರು ಸಲ ಬೇಗ ಬೇಗ ಬಿಗಿದು ಬಿಡಿ. ನಿಧಾನವಾಗಿ ಉಸಿರೆಳೆಯಿರಿ. ನೂರರಿಂದ ಹಿಂದಕ್ಕೆ ಎಣಿಸಿ, ಇಲ್ಲವೇ ಬಾಯಿಪಾಠವಿರುವ ಶ್ಲೋಕವನ್ನೋ ಹಾಡನ್ನೋ ಮನಸ್ಸಿನಲ್ಲಿ ಹೇಳಿಕೊಳ್ಳಿ. ಒತ್ತಡದ ಅಲೆ ಇಳಿಯುತ್ತದೆ. ಇಳಿದ ಮೇಲೆ ಸಾವಧಾನವಾಗಿ ಶೌಚಾಲಯಕ್ಕೆ ನಡೆಯಿರಿ. ಒತ್ತಡದ ಸೋರಿಕೆಯವರು ಕೆಮ್ಮು, ಸೀನು ಬರುತ್ತಿದೆ ಎನ್ನುವಾಗಲೇ, ಮುಂದೆ ಹಂಪ್ ಕಾಣಿಸುತ್ತಿದ್ದಂತೆಯೇ ಸ್ನಾಯು ಬಿಗಿದುಕೊಂಡರೆ ಸೋರುವುದು ಗಣನೀಯವಾಗಿ ತಗ್ಗುತ್ತದೆ.

ಶೌಚಾಲಯ ಗಲೀಜಾಗಿದೆಯೆಂದು ಹೆಂಗಸರು ಕಮೋಡಿನ ಮೇಲೆ ಕೂರದೆ ಅರ್ಧ ಬಗ್ಗಿ ನಿಂತು ಮುಗಿಸುವುದುಂಟು. ಹಾಗೆ ನಿಂತಾಗ ಸ್ನಾಯುಗಳು ಸಡಿಲಗೊಳ್ಳದೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಮತ್ತೆ ಅವಸರ ಬರುತ್ತದೆ. ಸೀಟನ್ನು ಒರೆಸಿ, ಕಾಗದ ಹಾಸಿ, ಕೂತೇ ಮುಗಿಸಿ. ಮುಗಿಯಿತು ಎನಿಸಿದ ಮೇಲೂ ಅರ್ಧ ನಿಮಿಷ ಬಿಟ್ಟು, ಸ್ವಲ್ಪ ಮುಂದೆ ಬಾಗಿ ಮತ್ತೊಮ್ಮೆ ಪ್ರಯತ್ನಿಸಿ. ಎದ್ದ ಮೇಲೆ ಹನಿ ಬೀಳುವ ತೊಂದರೆ ಇರುವ ಗಂಡಸರು ವೃಷಣದ ಹಿಂಭಾಗದಿಂದ ಮುಂದಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿ ತಂದರೆ ನಾಳದಲ್ಲಿ ಉಳಿದದ್ದು ಹೊರಬರುತ್ತದೆ.

ಛತ್ರ, ದೇವಸ್ಥಾನ, ನೆಂಟರ ಮನೆ

ಹೋದ ಜಾಗದಲ್ಲಿ ಮೊದಲ ಕೆಲಸ ಶೌಚಾಲಯ ಎಲ್ಲಿದೆ, ಒಳಗೆ ನೀರು, ಚಿಲಕ, ದೀಪ ಇವೆಯೇ ಎಂದು ನೋಡುವುದು. ಛತ್ರದಲ್ಲಿ ನೆಲ ಅಂತಸ್ತಿನ ಕೋಣೆ ಕೇಳಿ. ನೆಂಟರ ಮನೆಯಲ್ಲಿ ಬಚ್ಚಲಿಗೆ ಹತ್ತಿರ ಮಲಗಿ, ದಾರಿಯಲ್ಲಿ ಸಣ್ಣ ದೀಪವಿರಲಿ. ಹಾಸಿಗೆಗೆ ನಿಮ್ಮದೇ ರಬ್ಬರ್ ಶೀಟು ಒಯ್ಯಿರಿ. ದಿನವಿಡೀ ಕಾಲು ಇಳಿಬಿಟ್ಟು ಕೂತವರಿಗೆ ಕಾಲಿನಲ್ಲಿ ಇಳಿದ ನೀರು ರಾತ್ರಿ ಮಲಗಿದಾಗ ಮೂತ್ರವಾಗಿ ಬರುತ್ತದೆ. ಮಧ್ಯಾಹ್ನ ಊಟದ ಬಳಿಕ ಒಂದು ಗಂಟೆ ದಿಂಬಿನ ಮೇಲೆ ಕಾಲೆತ್ತಿ ಮಲಗಿದರೆ ರಾತ್ರಿಯ ಕಾಟ ಕಡಿಮೆ. ಮಲಗುವ ಎರಡು ಗಂಟೆ ಮೊದಲು ಹೆಚ್ಚು ನೀರು ಕುಡಿಯುವುದನ್ನು ನಿಲ್ಲಿಸಬಹುದು. ಹಗಲಿನ ನೀರನ್ನು ಕಡಿತಗೊಳಿಸಬೇಡಿ.

ಮಡಿ ಕೆಡುತ್ತದೆ ಎಂಬ ಅಳುಕಿನಿಂದ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟ ಹಿರಿಯರಿದ್ದಾರೆ. ಕಾಯಿಲೆ ದೇಹದ್ದು, ಅದಕ್ಕೆ ಮನಸ್ಸನ್ನು ಶಿಕ್ಷಿಸುವುದೇಕೆ? ಸ್ನಾನ ಮಾಡಿ, ಹೊಸ ಪ್ಯಾಡ್ ಧರಿಸಿ, ಒಗೆದ ಬಟ್ಟೆ ಉಟ್ಟು ಹೋಗಿ ಬನ್ನಿ. ಸಾಲು ಉದ್ದವಿದ್ದರೆ ಹಿರಿಯರಿಗೆ ಬೇರೆ ಸಾಲು ಇದೆಯೇ ಎಂದು ವಿಚಾರಿಸಿ.

ಬಳಸಿದ ಡೈಪರನ್ನು ಕಮೋಡಿಗೆ ಹಾಕಬೇಡಿ, ಬಸ್ಸಿನ ಕಿಟಕಿಯಿಂದ ಎಸೆಯಬೇಡಿ. ಒಳಭಾಗ ಒಳಗೇ ಉಳಿಯುವಂತೆ ಸುರುಳಿ ಸುತ್ತಿ, ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ, ಚೀಲದಲ್ಲಿಟ್ಟುಕೊಂಡು ಕಸದ ಬುಟ್ಟಿ ಸಿಕ್ಕಲ್ಲಿ ಹಾಕಿ. ಪೊಟ್ಟಣದ ಮೇಲೆ ಕೆಂಪು ಗುರುತು ಮಾಡಿದರೆ ಕಸ ವಿಂಗಡಿಸುವ ಪೌರಕಾರ್ಮಿಕರು ಬರಿಗೈಯಲ್ಲಿ ಬಿಚ್ಚುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ಒಮ್ಮೆ ಒದ್ದೆಯಾದರೆ? ಗಾಬರಿಯಾಗಬೇಡಿ. ಸೆರಗನ್ನು ಹೊದ್ದುಕೊಂಡೋ, ಶಾಲನ್ನು ಸೊಂಟಕ್ಕೆ ಸುತ್ತಿಕೊಂಡೋ ಎದ್ದು ಹೋಗಿ ಬದಲಾಯಿಸಿಕೊಳ್ಳಿ. ನಿಮ್ಮಷ್ಟು ಬೇರೆಯವರು ಗಮನಿಸಿರುವುದಿಲ್ಲ.

ಮನೆಯವರಿಗೆ ಒಂದು ಮಾತು

ತಂದೆ ತಾಯಿ ಪ್ರಯಾಣ ತಪ್ಪಿಸಲು ಪದೇ ಪದೇ ಕಾರಣ ಹೇಳುತ್ತಿದ್ದರೆ, ಹೊರಡುವ ದಿನ ಏನೂ ಕುಡಿಯದಿದ್ದರೆ, ಕುಳಿತಲ್ಲಿಂದ ಏಳಲು ಹಿಂಜರಿದರೆ ಈ ತೊಂದರೆ ಇರಬಹುದೆಂದು ಊಹಿಸಿ. ಎಲ್ಲರ ಎದುರು ಕೇಳಬೇಡಿ. ಒಬ್ಬರೇ ಇದ್ದಾಗ ಮೆತ್ತಗೆ ವಿಚಾರಿಸಿ. ತಾಯಿಯನ್ನು ಮಗಳೋ ಸೊಸೆಯೋ, ತಂದೆಯನ್ನು ಮಗನೋ ಕೇಳಿದರೆ ಸಂಕೋಚ ಕಡಿಮೆ. "ಈಗಷ್ಟೇ ಹೋಗಿದ್ದೆಯಲ್ಲ, ಮತ್ತೆ ನಿಲ್ಲಿಸಬೇಕೇ?" ಎಂಬ ಒಂದು ಮಾತು ಸಾಕು, ಅವರು ಮುಂದಿನ ಸಲ ಹೊರಡುವುದೇ ಇಲ್ಲ. "ನನಗೂ ಕಾಫಿ ಬೇಕು, ಇಲ್ಲೇ ನಿಲ್ಲಿಸೋಣ" ಎಂದು ನೀವೇ ಕಾರು ನಿಲ್ಲಿಸಿದರೆ ಅವರ ಮರ್ಯಾದೆ ಉಳಿಯುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ಎರಡು ಗಂಟೆಗೊಮ್ಮೆ ನೆನಪಿಸಿ ಕರೆದೊಯ್ಯಬೇಕು.

ವೈದ್ಯರನ್ನು ಕಾಣಲು ತಡ ಬೇಡ

ಮೂತ್ರದಲ್ಲಿ ರಕ್ತ ಕಂಡರೆ, ಉರಿಯ ಜೊತೆಗೆ ಚಳಿ ಜ್ವರ ಬಂದರೆ, ಹೊಟ್ಟೆ ಉಬ್ಬಿ ಮೂತ್ರವೇ ಹೊರಡದಿದ್ದರೆ ಅಂದೇ ವೈದ್ಯರ ಬಳಿ ಹೋಗಿ. ಸೊಂಟನೋವಿನ ಜೊತೆಗೆ ಕಾಲಿನ ಬಲ ಕುಂದಿ, ತೊಡೆಯ ಒಳಭಾಗ ಜೋಮು ಹಿಡಿದು, ಇದ್ದಕ್ಕಿದ್ದಂತೆ ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ ಅದು ಬೆನ್ನುಹುರಿಯ ನರಗಳು ಒತ್ತಿಹೋದ ಸೂಚನೆ. ಗಂಟೆಗಳ ತಡವೂ ಕೂಡದು, ಪ್ರಯಾಣ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಧಾವಿಸಿ.

ಉಳಿದವರು ಕೂಡ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ತೋರಿಸುವ ಅಲ್ಟ್ರಾಸೌಂಡ್ ಇವಿಷ್ಟರಿಂದಲೇ ಬಹುಪಾಲು ಕಾರಣ ತಿಳಿಯುತ್ತದೆ. ಸೋಂಕಿದ್ದರೆ ಔಷಧಿಯಿಂದ ವಾಸಿಯಾಗುತ್ತದೆ. ಅವಸರದ ಸೋರಿಕೆಗೆ ಸಾಲಿಫೆನಸಿನ್, ಮಿರಾಬೆಗ್ರಾನ್‌ನಂಥ ಮಾತ್ರೆಗಳಿವೆ. ಮೊದಲಿನದು ಬಾಯಿ ಒಣಗಿಸಬಹುದು, ಮಲ ಕಟ್ಟಬಹುದು. ಎರಡನೆಯದು ರಕ್ತದೊತ್ತಡ ಏರಿಸಬಹುದು. ಹಾಗಾಗಿ ವೈದ್ಯರು ಬರೆದುಕೊಟ್ಟರೆ ಮಾತ್ರ ನುಂಗಿ. ಮುಟ್ಟು ನಿಂತವರಿಗೆ ಈಸ್ಟ್ರೋಜೆನ್ ಮುಲಾಮು, ಪ್ರಾಸ್ಟೇಟಿಗೆ ಮಾತ್ರೆ ಅಥವಾ ಶಸ್ತ್ರಕ್ರಿಯೆ, ವ್ಯಾಯಾಮಕ್ಕೆ ಬಗ್ಗದ ಒತ್ತಡದ ಸೋರಿಕೆಗೆ ಶಸ್ತ್ರಚಿಕಿತ್ಸೆ ಹೀಗೆ ಪ್ರತಿಯೊಂದಕ್ಕೂ ದಾರಿಯಿದೆ.

ಆರಂಭದಲ್ಲಿ ಹೇಳಿದ ಆ ತಾಯಿಗೆ ಮೊದಲು ಮೂತ್ರದ ಸೋಂಕಿಗೆ ಚಿಕಿತ್ಸೆ ಕೊಡಲಾಯಿತು. ವ್ಯಾಯಾಮ ಹೇಳಿಕೊಡಲಾಯಿತು. ವಿಷಯ ತಿಳಿದ ಮಗಳು, "ಇಷ್ಟು ವರ್ಷ ನನಗಾದರೂ ಹೇಳಬಾರದಿತ್ತೇ ಅಮ್ಮ" ಎಂದು ಕಣ್ಣು ಒರೆಸಿಕೊಂಡರು. ನಾಲ್ಕು ತಿಂಗಳ ಬಳಿಕ ತಾಯಿ ಮಗಳು ಇಬ್ಬರೂ ಬಂದಾಗ ಸೋರಿಕೆ ಪೂರ್ತಿ ನಿಂತಿರಲಿಲ್ಲ, ಬಹಳ ಕಡಿಮೆಯಾಗಿತ್ತು. ಆದರೆ ಅವರು ಹೇಳಲು ಬಂದದ್ದು ಬೇರೆ. ಹಾಸನದಲ್ಲಿ ಒಮ್ಮೆ ಇಳಿದು, ದಾರಿಯುದ್ದಕ್ಕೂ ನೀರು ಕುಡಿಯುತ್ತಲೇ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದರು. ಕೈಯಲ್ಲಿ ಪ್ರಸಾದದ ಪೊಟ್ಟಣವಿತ್ತು.

ಪ್ರಯಾಣದ ಕೈಚೀಲದಲ್ಲಿ ಇರಲಿ

* ಪ್ರಯಾಣದ ಪ್ರತಿ ನಾಲ್ಕು ಗಂಟೆಗೆ ಒಂದರಂತೆ ಪ್ಯಾಡ್ ಅಥವಾ ಡೈಪರ್, ಮೇಲೆ ಎರಡು ಹೆಚ್ಚಿಗೆ.
* ಒಂದು ಜೊತೆ ಒಳ ಉಡುಪು, ಲಂಗ, ಸೀರೆ ಅಥವಾ ಪಂಚೆ.
* ಸಣ್ಣ ಟವೆಲು, ಒದ್ದೆ ಕಾಗದದ ಕರವಸ್ತ್ರ, ಕಾಗದದ ಸೋಪು, ಜಿಂಕ್ ಮುಲಾಮು.
* ಒದ್ದೆ ಬಟ್ಟೆಗೆ ಬಾಯಿ ಕಟ್ಟಬಹುದಾದ ಚೀಲ, ಹಳೆಯ ಪತ್ರಿಕೆ ನಾಲ್ಕು ಹಾಳೆ.
* ಮಡಿಸಬಹುದಾದ ರಬ್ಬರ್ ಶೀಟು, ಶಾಲು.
* ಶೌಚಾಲಯಕ್ಕೆ ಕೊಡಲು ಚಿಲ್ಲರೆ ಹಣ.
* ನುಂಗುವ ಮಾತ್ರೆಗಳು ಮತ್ತು ಅವುಗಳ ಚೀಟಿ.
* ಕುಡಿಯುವ ನೀರಿನ ಬಾಟಲಿ. ಇದನ್ನು ಮಾತ್ರ ಮರೆಯಬೇಡಿ.